ಯುಪಿಐ ಇರುವಾಗ ಇ-ರುಪಾಯಿಯನ್ನು ನಗದು ಎಂದು ಕರೆಯುವುದೇಕೆ?

ಪ್ರಶ್ನೆ:
ರಿಸರ್ವ್ ಬ್ಯಾಂಕು 2022ರ ಡಿಸೆಂಬರ್ 1ರಂದು ಜನಸಾಮಾನ್ಯರಿಗಾಗಿ ಇ-ರುಪಾಯಿಯ, ಅಂದರೆ ತಾನೇ ಹೊರಡಿಸುವ ಡಿಜಿಟಲ್ ರೂಪಾಯಿಯ, ಪ್ರಯೋಗವನ್ನು ಆರಂಭಿಸಿದಾಗ ಮೊದಲ ನಾಲ್ಕು ನಗರಗಳಲ್ಲಿ ಬೆಂಗಳೂರೂ ಇತ್ತು. ಈಚೆಗೆ ನಾನೂ ಅದರ ವ್ಯಾಲೆಟ್ ಹಾಕಿಕೊಂಡಿದ್ದೇನೆ. ಆದರೆ ತರಕಾರಿ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡುವಾಗ ಯುಪಿಐಗೂ ಇದಕ್ಕೂ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಯುಪಿಐಯಲ್ಲಿ ನೀವು ಅಂಗಡಿಯವರಿಗೆ ಹಣ ಕೊಡುವುದಿಲ್ಲ, ನಿಮ್ಮ ಖಾತೆಯಿಂದ ಅವರ ಖಾತೆಗೆ ಇಷ್ಟು ಜಮೆ ಮಾಡಿ ಎಂದು ಬ್ಯಾಂಕಿಗೆ ಆದೇಶ ಕೊಡುತ್ತೀರಿ. ಖಾತೆಯಲ್ಲಿರುವುದು ಬ್ಯಾಂಕು ನಿಮಗೆ ಕೊಡಬೇಕಾದ ಸಾಲ. ಆ ಬ್ಯಾಂಕು ಮುಳುಗಿದರೆ ಠೇವಣಿ ವಿಮೆ ಸಿಗುವುದು 5 ಲಕ್ಷ ರೂಪಾಯಿಯವರೆಗೆ ಮಾತ್ರ. ಇ-ರುಪಾಯಿಯಾದರೋ ನಿಮ್ಮ ಜೇಬಿನಲ್ಲಿರುವ ನೋಟಿನಂತೆ ರಿಸರ್ವ್ ಬ್ಯಾಂಕಿನ ನೇರ ಹೊಣೆ. ನೋಟು, ನಾಣ್ಯಗಳ ಮುಖಬೆಲೆಯಲ್ಲೇ ಇರುವ ಅದರ ಟೋಕನ್‌ಗಳು (ಡಿಜಿಟಲ್ ನಾಣ್ಯ-ನೋಟುಗಳು) ಒಂದು ವ್ಯಾಲೆಟ್‌ನಿಂದ ಇನ್ನೊಂದಕ್ಕೆ ಹೋಗುತ್ತವೆ, ಬಡ್ಡಿ ಬರುವುದಿಲ್ಲ.

ಉತ್ತರ 2:
ಹಣದ ಹೊಣೆ ಯಾರದು ಎಂಬುದನ್ನು ಮೇಲಿನವರು ಸರಿಯಾಗಿ ಹೇಳಿದ್ದಾರೆ, ಆದರೆ ನನ್ನ ಮಟ್ಟಿಗೆ ಅದು ಅರ್ಧ ಉತ್ತರ. ಯಾರು ಯಾರಿಗೆ ಕೊಟ್ಟರೆಂದು ಮೂರನೆಯವರಿಗೆ ತಿಳಿಯದಿರುವುದೇ ನಗದಿನ ಜೀವಾಳ. ಇದನ್ನು ಗಣಿತದಿಂದ ಸಾಧಿಸುವ ದಾರಿಯನ್ನು ಅಮೆರಿಕದ ಗೂಢಲಿಪಿ ತಜ್ಞ ಡೇವಿಡ್ ಚಾಮ್ 1982ರಲ್ಲೇ ತೋರಿಸಿದರು. ಒಳಗೆ ಕಾರ್ಬನ್ ಹಾಳೆಯಿರುವ ಲಕೋಟೆಯಲ್ಲಿ ಒಂದು ಚೀಟಿಯಿಟ್ಟು ಮುಚ್ಚಿ ಕೊಟ್ಟರೆ, ಮೇಲೆ ಹಾಕಿದ ಸಹಿ ಒಳಗಿನ ಚೀಟಿಗೂ ಇಳಿಯುತ್ತದೆ, ಸಹಿ ಹಾಕಿದವರು ಮಾತ್ರ ಚೀಟಿಯನ್ನು ನೋಡಿರುವುದಿಲ್ಲ. ಅದೇ ರೀತಿ ನಿಮ್ಮ ಕಂಪ್ಯೂಟರ್ ಒಂದು ಸಂಖ್ಯೆಯನ್ನು ಆಯ್ದು, ಅದನ್ನು ಮರೆಮಾಚಿ ಬ್ಯಾಂಕಿಗೆ ಕಳಿಸುತ್ತದೆ. ಬ್ಯಾಂಕು ನಿಮ್ಮ ಖಾತೆಯಿಂದ ಹಣ ಕಳೆದು, ಆ ಮುಖಬೆಲೆಗೆಂದೇ ಇಟ್ಟಿರುವ ಗುಟ್ಟಿನ ಕೀಲಿಯಿಂದ (ತನಗಷ್ಟೇ ಗೊತ್ತಿರುವ ಸಂಖ್ಯೆಯಿಂದ) ಡಿಜಿಟಲ್ ಸಹಿ ಹಾಕುತ್ತದೆ. ನೀವು ಮರೆಯನ್ನು ತೆಗೆದಾಗ ನಿಮ್ಮಲ್ಲಿ ಸಹಿಯಿರುವ ನಾಣ್ಯ ಉಳಿಯುತ್ತದೆ. ಮುಂದೆ ಅಂಗಡಿಯವರು ಅದನ್ನು ಜಮೆ ಮಾಡಿದಾಗ ಬ್ಯಾಂಕು ತನ್ನ ಸಹಿಯನ್ನು ಗುರುತಿಸಬಲ್ಲದೇ ಹೊರತು ಅದು ನಿಮ್ಮಿಂದ ಬಂದದ್ದೆಂದು ತಿಳಿಯಲಾರದು.

ಪ್ರಶ್ನೆ ಕೇಳಿದವರು:
ಸಂಖ್ಯೆಯೇ ನಾಣ್ಯವಾದರೆ ಅದನ್ನು ನಕಲು ಮಾಡಿ ಎರಡು ಕಡೆ ಕೊಡಬಹುದಲ್ಲವೇ?

ಉತ್ತರ 2:
ಇಡೀ ವಿಷಯದ ಕಗ್ಗಂಟು ಇದೇ. ಖರ್ಚಾದ ಸಂಖ್ಯೆಗಳ ಪಟ್ಟಿಯನ್ನು ಬ್ಯಾಂಕು ಇಟ್ಟುಕೊಂಡು ಪ್ರತಿಸಲ ನೋಡುವುದು ಒಂದು ಉಪಾಯ. ಸಂಪರ್ಕವಿಲ್ಲದ ಕಡೆಗೂ ಒದಗುವ ಇನ್ನೊಂದು ಉಪಾಯವನ್ನು ಚಾಮ್, ಅಮೋಸ್ ಫಿಯಟ್ ಮತ್ತು ಮೋನಿ ನಾವೋರ್ 1988ರಲ್ಲಿ ಕೊಟ್ಟರು: ಒಮ್ಮೆ ಖರ್ಚು ಮಾಡಿದವರ ಗುರುತು ಗುಟ್ಟಾಗಿಯೇ ಉಳಿಯುತ್ತದೆ, ಅದೇ ನಾಣ್ಯವನ್ನು ಎರಡನೆಯ ಸಲ ಕೊಟ್ಟರೆ ಎರಡೂ ಕಡೆಯ ಮಾಹಿತಿ ಕೂಡಿ ಅವರ ಗುರುತು ಹೊರಬೀಳುತ್ತದೆ. ಪ್ರಾಮಾಣಿಕರ ಗೌಪ್ಯವನ್ನು ಹೀಗೆ ಕಾಯುವ ಈ ಯೋಚನೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅಮೆರಿಕದ ಸೇಂಟ್ ಲೂಯಿಸ್‌ನ ಮಾರ್ಕ್ ಟ್ವೇನ್ ಬ್ಯಾಂಕು 1995ರಲ್ಲಿ ಇ-ಕ್ಯಾಶ್ ಎಂಬ ಚಾಮ್ ಅವರ ಡಿಜಿಟಲ್ ನಗದನ್ನು ವಿತರಿಸಿತು. ಅವರ ಡಿಜಿಕ್ಯಾಶ್ ಕಂಪನಿ 1998ರಲ್ಲಿ ದಿವಾಳಿಯಾಯಿತು.

ಉತ್ತರ 3:
ಬಿಟ್‌ಕಾಯಿನ್ ಬಗ್ಗೆಯೂ ಒಂದು ಮಾತು. ಅಲ್ಲಿ ಬ್ಯಾಂಕೇ ಇಲ್ಲ ನಿಜ, ಆದರೆ ಪ್ರತಿಯೊಂದು ವರ್ಗಾವಣೆಯೂ ಎಲ್ಲರಿಗೂ ಕಾಣುವ ಲೆಕ್ಕದಲ್ಲಿ ಉಳಿಯುತ್ತದೆ. ಅಲ್ಲಿ ಹೆಸರಿನ ಬದಲು ಬಳಸುವ ಸಂಕೇತ, ಅಂದರೆ ವಿಳಾಸ, ಯಾರದೆಂದು ಒಮ್ಮೆ ತಿಳಿದರೆ ಅದರ ಹಿಂದಿನ ವ್ಯವಹಾರಗಳೂ ಬಯಲಾಗುತ್ತವೆ. ಇನ್ನು ಇ-ರುಪಾಯಿಯ ವಿಷಯದಲ್ಲಿ, ಸಣ್ಣ ಮೊತ್ತಕ್ಕೆ ಗೌಪ್ಯ, ದೊಡ್ಡ ಮೊತ್ತಕ್ಕೆ ಪತ್ತೆಹಚ್ಚುವ ಅವಕಾಶ ಎಂಬ ತತ್ತ್ವವನ್ನು ರಿಸರ್ವ್ ಬ್ಯಾಂಕು 2022ರ ಅಕ್ಟೋಬರ್‌ನ ತನ್ನ ಟಿಪ್ಪಣಿಯಲ್ಲಿ ಚರ್ಚಿಸಿತ್ತು. ಆದ್ದರಿಂದ ಹೊಣೆಯ ದೃಷ್ಟಿಯಿಂದ ಅದನ್ನು ನಗದು ಎನ್ನಲು ನನಗೆ ಅಡ್ಡಿಯಿಲ್ಲ, ಚಾಮ್ ಅವರ ಅರ್ಥದಲ್ಲಿ ಹಾಗೆನ್ನಲಾರೆ.