ಸಹಾಯ ಬೇಕು: ಆಕ್ಷೇಪಣಾ ಪತ್ರ ಬರೆಯಿಸುವ ಡಿಜಿಟಲ್ ಅಭಿಯಾನಕ್ಕೆ

ಬಳಗದ ಎಲ್ಲರಿಗೂ ನಮಸ್ಕಾರ. ಸಾರ್ವಜನಿಕ ನೀತಿಗಳ ಕುರಿತು ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರ ಡಿಜಿಟಲ್ ಅಭಿಯಾನಗಳ ನಿರ್ದೇಶಕನಾಗಿ ಮಡಿಕೇರಿಯಲ್ಲಿದ್ದೇನೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಗಣಿಗಾರಿಕೆಯಂಥ ಚಟುವಟಿಕೆಗಳಿಗೆ ನಿರ್ಬಂಧ ಹೇರುವ ಪ್ರದೇಶದ) ಕುರಿತ ಕೇಂದ್ರ ಸರ್ಕಾರದ ಕರಡು ಅಧಿಸೂಚನೆಯು 2024ರ ಜುಲೈ 31ರಂದು ಆರನೆಯ ಬಾರಿಗೆ ಹೊರಬಿದ್ದು, ಕರ್ನಾಟಕದ 20,668 ಚದರ ಕಿಲೋಮೀಟರ್ ಪ್ರದೇಶವನ್ನು ಒಳಗೊಂಡು, ಆಕ್ಷೇಪಣೆಗೆ 60 ದಿನಗಳ ಅವಕಾಶ ನೀಡಿದ್ದು ನಿಮಗೆ ನೆನಪಿರಬಹುದು. ಆ ದಿನಗಳು ನಮ್ಮಲ್ಲಿ ಮಳೆಗಾಲ. ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅವಸರದಲ್ಲಿ ನಾನು ಒಂದೇ ಒಕ್ಕಣೆಯ ಪತ್ರವನ್ನು ಸಿದ್ಧಪಡಿಸಿ, ಗುಂಡಿ ಒತ್ತಿದರೆ ಇ-ಮೇಲ್ ಹೋಗುವಂತೆ ಮಾಡಿದ್ದೆ. ಅದು ತಪ್ಪಾಯಿತು. ನೂರು ಜನ ಕಳುಹಿಸಿದರೂ ಓದುವ ಅಧಿಕಾರಿಗೆ ಅದು ಒಂದೇ ಅಭಿಪ್ರಾಯ. ಅದೇ ವಾರ ಗಾಳಿಬೀಡು ಕಡೆಯ ಬೆಳೆಗಾರರೊಬ್ಬರು ನೋಟ್‌ಬುಕ್ಕಿನ ಹಾಳೆಯಲ್ಲಿ ಸರ್ವೆ ನಂಬರು, ಏಲಕ್ಕಿ ಮಲೆಯ ಗಡಿ, 2018ರಲ್ಲಿ ಗುಡ್ಡ ಬಿರಿದ ಜಾಗ ಇಷ್ಟನ್ನೂ ಬರೆದು, ಫೋಟೋ ತೆಗೆದು ಕಳುಹಿಸಿದ್ದರು. ಪರವೋ ವಿರೋಧವೋ ಎನ್ನುವುದಕ್ಕಿಂತ, ಬೇಕಿರುವುದು ಅಂಥ ಪತ್ರ.

ಮುಂದಿನ ಸುತ್ತಿಗೆ ಈಗಲೇ ಸಿದ್ಧರಾಗಬೇಕಿದೆ. ಕರಡಿನ ಅನುಬಂಧದಲ್ಲಿ ಇಂಗ್ಲಿಷ್ ಅಕ್ಷರದಲ್ಲಿರುವ ಊರಿನ ಹೆಸರುಗಳನ್ನು ನಮ್ಮ ಕಂದಾಯ ಗ್ರಾಮಗಳೊಂದಿಗೆ ಹೋಲಿಸಿ ನೋಡಬಲ್ಲವರು, ಹಾಗೂ ಕೊಡವ ತಕ್ಕ್ ಮತ್ತು ಅರೆಭಾಷೆಯ ಧ್ವನಿ ಸಂದೇಶಗಳನ್ನು ಕನ್ನಡದಲ್ಲಿ ಟೈಪ್ ಮಾಡಬಲ್ಲವರು ನೆರವಾಗಬೇಕೆಂದು ಕೋರುತ್ತೇನೆ. ವಾರಕ್ಕೆ ಎರಡು ಗಂಟೆ ಸಾಕು. ಸಂಭಾವನೆ ಕೊಡುವ ಶಕ್ತಿ ಸಂಸ್ಥೆಗಿಲ್ಲ. ಆಧಾರ್ ಅಥವಾ ಪಹಣಿಯ ಪ್ರತಿಯನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಆಸಕ್ತರು ತಮ್ಮ ತಾಲ್ಲೂಕಿನ ಹೆಸರನ್ನಷ್ಟೇ ಕೆಳಗೆ ಬರೆದರೆ ನಾನೇ ಸಂಪರ್ಕಿಸುತ್ತೇನೆ.