ಒಂದು ಕೋರ್ಸ್ ಬಿಟ್ಟರೆ ವೀಸಾಕ್ಕೆ ತೊಂದರೆ ಆಗುತ್ತಾ?

ಹಾಸನದ ಅಣ್ಣ:
ತಂಗಿ ಅಮೆರಿಕದಲ್ಲಿ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಎಂಎಸ್ ಓದುತ್ತಿದ್ದಾಳೆ. ಮೂರು ಕೋರ್ಸ್‌ನಲ್ಲಿ ಒಂದು ತಲೆಗೇ ಹತ್ತುತ್ತಿಲ್ಲ, ಬಿಟ್ಟುಬಿಡುತ್ತೇನೆ ಅಂತ ನಿನ್ನೆ ರಾತ್ರಿ ಫೋನಿನಲ್ಲಿ ಅತ್ತಳು. ಶನಿವಾರ ಒಂದು ಹೋಟೆಲ್‌ನಲ್ಲಿ ಕೈಗೆ ದುಡ್ಡು ಕೊಡುವ ಕೆಲಸವೂ ಸಿಕ್ಕಿದೆಯಂತೆ. ಅಪ್ಪ ಜಮೀನಿನ ಮೇಲೆ ಸಾಲ ಮಾಡಿ ಕಳಿಸಿದ್ದಾರೆ, ಅದಕ್ಕೇ ಅವಳಿಗೆ ಸಂಕಟ. ವೀಸಾ 5 ವರ್ಷ ಇದೆ, ಏನೂ ಆಗಲ್ಲ ಅಲ್ವಾ?

ಚಿಕ್ಕಮಗಳೂರಿನವಳು:
ಅಣ್ಣಾ, ಇವತ್ತೇ ಫೋನ್ ಮಾಡಿ. ವೀಸಾ ಅನ್ನೋದು ಆ ದೇಶದ ಬಾಗಿಲವರೆಗೆ ಹೋಗೋಕೆ ಅಷ್ಟೇ. ಒಳಗೆ ಇರೋಕೆ ಸ್ಟೇಟಸ್, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಕಾನೂನಿನ ಸ್ಥಾನ, ಸರಿ ಇರಬೇಕು. ಕೋರ್ಸ್ ಬಿಡುವ ಮುಂಚೆಯೇ ಕಾಲೇಜಿನ ಡಿಎಸ್‌ಒ (ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಅಧಿಕಾರಿ) ಒಪ್ಪಿ ಸೆವಿಸ್‌ನಲ್ಲಿ, ಅಂದರೆ ವಿದೇಶಿ ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರ್ಕಾರ ಇಡುವ ಆನ್‌ಲೈನ್ ದಾಖಲೆಯಲ್ಲಿ, ದಾಖಲು ಮಾಡಬೇಕು, ಬಿಟ್ಟ ಮೇಲೆ ಹೋಗಿ ಹೇಳಿದರೆ ತಡವಾಗಿರುತ್ತದೆ. ಡಿಗ್ರಿಯವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್‌ನಷ್ಟು ಕೋರ್ಸ್ ಓದಬೇಕು, ಎಂಎಸ್‌ಗೆ ಎಷ್ಟು ಅಂತ ಕಾಲೇಜೇ ಹೇಳುತ್ತದೆ. ನಾನೂ ಮೊದಲ ಸೆಮಿಸ್ಟರ್‌ನಲ್ಲಿ ಹೀಗೇ ಅತ್ತು, ಡ್ರಾಪ್ ಬಟನ್ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ರೂಮ್‌ಮೇಟ್ ಲ್ಯಾಪ್‌ಟಾಪ್ ಮುಚ್ಚಿ ನನ್ನನ್ನು ಡಿಎಸ್‌ಒ ಹತ್ತಿರ ಎಳೆದುಕೊಂಡು ಹೋದಳು. ಇಂಗ್ಲಿಷ್ ಓದುವ ಕಷ್ಟ, ಅಲ್ಲಿನ ಪಾಠದ ರೀತಿ ಹೊಸದು ಅನ್ನುವ ಕಾರಣಕ್ಕೆ ಕಡಿಮೆ ಕೋರ್ಸ್‌ಗೆ ಒಪ್ಪಿಗೆ ಕೊಡಲು ಅವಕಾಶ ಇದೆ. ಸುಮ್ನೆ ಹೆದರಬೇಡಿ.

ಸಕಲೇಶಪುರದವನು:
ಹೋಟೆಲ್ ಕೆಲಸ ಖಂಡಿತ ಬೇಡ. ಅನುಮತಿ ಇಲ್ಲದೆ ಹೊರಗೆ ಒಂದು ದಿನ ದುಡಿದರೂ ಸ್ಟೇಟಸ್ ಹೋಗುತ್ತದೆ. ಕ್ಯಾಂಪಸ್ ಒಳಗೆ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆವರೆಗೆ ಮಾಡಬಹುದು, ಲೈಬ್ರರಿಯಲ್ಲಿ ಕೇಳಲಿ. ಮನೆ ಬದಲಿಸಿದ್ದರೆ 10 ದಿನದೊಳಗೆ ವಿಳಾಸ ತಿಳಿಸಬೇಕು, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಹಾಸನದ ಅಣ್ಣ:
ಈಗಷ್ಟೇ ಮಾತಾಡಿದೆ. ಕೋರ್ಸ್ ಇನ್ನೂ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಡಿಎಸ್‌ಒ ಹತ್ತಿರ ಹೋಗುತ್ತಾಳೆ. ಹೋಟೆಲಿನವರಿಗೆ ಬರಲ್ಲ ಅಂದಳು.