ಸಹಾಯ ಬೇಕು: ಎಚ್‌ಎಂಟಿ 2511 ಟ್ರ್ಯಾಕ್ಟರ್, ಎಂಜಿನ್ ಬ್ಲಾಕಿನ ಓ-ರಿಂಗ್ (ನೀರು ತಡೆಯುವ ರಬ್ಬರ್ ಉಂಗುರ) ಜಾಗ ತುಕ್ಕು ತಿಂದಿದೆ

ಜೆಟರ್ (ಝೆಕ್ ಟ್ರ್ಯಾಕ್ಟರ್ ಕಂಪನಿ) ಮೂಲದ ಎರಡು ಸಿಲಿಂಡರಿನ ಹಳೇ ಎಂಜಿನ್. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಆಯಿಲ್ ನೀರು ಸೇರಿ ಹಾಲು ಬೆರೆಸಿದ ಹಾಗೆ ಬಿಳಿಚಿತ್ತು, ಹೆಡ್ ಗ್ಯಾಸ್ಕೆಟ್ ಬದಲಿಸಿದರೂ ನಿಲ್ಲಲಿಲ್ಲ. ಸಂಪ್ ಬಿಚ್ಚಿ, ರೇಡಿಯೇಟರ್ ತುಂಬಿಸಿ, ಕೆಳಗೆ ಕಾಗದ ಹಾಸಿ ರಾತ್ರಿಯಿಡೀ ಬಿಟ್ಟಾಗ ಎರಡನೇ ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಬುಡದಿಂದ ನೀರು ತೊಟ್ಟಿಕ್ಕಿತು. ಲೈನರ್ ಎಳೆದು ನೋಡಿದರೆ ಓ-ರಿಂಗ್ ಒತ್ತುವ ಜಾಗದಲ್ಲಿ ಗುಂಡಿಗಳು, ಆಳದ್ದು ಸುಮಾರು 1 ಮಿ.ಮೀ. ಇದರ ಮೇಲೆ ಹೊಸ ರಿಂಗ್ ಹಾಕಿ ಪ್ರಯೋಜನವಿಲ್ಲ, ಮತ್ತೆ ಸೋರುತ್ತದೆ.

ಎಪಾಕ್ಸಿ ಸ್ಟೀಲ್ ತುಂಬಿ ಎಮರಿ ಪೇಪರಿನಲ್ಲಿ ಉಜ್ಜಿದರೆ ಬಾಳಿಕೆ ಬರುತ್ತದೆಯೇ? ಇಲ್ಲ, ಆ ಜಾಗ ಬೋರ್ ಮಾಡಿಸಿ (ಕೊರೆಸಿ) ಲೋಹದ ಬಳೆ ಒತ್ತಿಸಲೇಬೇಕೇ? ಹಾಗಾದರೆ ಬ್ಲಾಕ್ ಹೊರಗೆ ಬರಬೇಕು. ಇದಕ್ಕೆ ಬೇರೆ ಚಾಸಿ ಇಲ್ಲ, ಬ್ಲಾಕೇ ಭಾರ ಹೊರುವುದು. ಕ್ಲಚ್ ಹೌಸಿಂಗ್ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಮುಂದಿನ ಆಕ್ಸಲ್ ಓಲಾಡದಂತೆ ಎರಡೂ ಕಡೆ ಮರದ ಬೆಣೆ ಬಡಿದು, ಆಮೇಲೆ ಚೈನ್ ಬ್ಲಾಕಿನಲ್ಲಿ ಎತ್ತುವ ಯೋಚನೆ. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ಹೇಳಿ.

ಇನ್ನೊಂದು: ಓ-ರಿಂಗ್ ಇಲ್ಲದೆ ಲೈನರ್ ಕೂರಿಸಿ ಡಯಲ್ ಗೇಜ್ ಇಟ್ಟಾಗ ಮೊದಲನೆಯದು ಬ್ಲಾಕಿನಿಂದ 0.09 ಮಿ.ಮೀ. ಮೇಲಿದೆ, ಎರಡನೆಯದು 0.02 ಮಾತ್ರ. ಅದನ್ನು ಎತ್ತರಿಸಲು ಕಾಲರ್ (ಲೈನರಿನ ಮೇಲಂಚು) ಕೆಳಗೆ ತಾಮ್ರದ ಶಿಮ್ (ತೆಳು ತಗಡಿನ ಬಳೆ) ಹಾಕಿದವರು ಎಷ್ಟು ದಪ್ಪದ್ದು ಹಾಕಿದಿರಿ? ಹಾಸನದ ಹತ್ತಿರ ಈ ಕೆಲಸ ಮಾಡುವ ಲೇತ್ ಇದ್ದರೂ ತಿಳಿಸಿ.